ಬೆಳ್ಳಿಯ ಬಿಲ್ಲೆ ಸವೆಯುವ ಬಗೆ: ಬ್ಯಾಟರಿ ಫೋರ್ಕ್‌ಲಿಫ್ಟಿನ ಪಾಯಿಂಟುಗಳು



ಮಹಾರಾಷ್ಟ್ರದ ಶಿರೋಳ, ಇಚಲಕರಂಜಿ, ಹುಪರಿಗಳ ಈ ಭಾಗದಲ್ಲಿ ಕನ್ನಡದ ದತ್ತಿ ಉಪನ್ಯಾಸ ಎಂದರೆ ಖಿದ್ರಾಪುರದ ಕೋಪೇಶ್ವರ ದೇವಾಲಯ, ಅಲ್ಲಿಯ ಹಳಗನ್ನಡ ಶಾಸನಗಳು, ಕೃಷ್ಣಾ–ಪಂಚಗಂಗೆಯರ ಸಂಗಮದ ನರಸೋಬಾವಾಡಿ, ಇಂಥವು ಕೇಳುಗರ ಮನಸ್ಸಿಗೆ ಮೊದಲು ಬರುತ್ತವೆ. ಇಂದಿನ ವಿಷಯ ಅಷ್ಟು ಪುರಾತನವಲ್ಲ. ಬ್ಯಾಟರಿಯ ಮೇಲೆ ಓಡುವ ಫೋರ್ಕ್‌ಲಿಫ್ಟಿನ ಹೊಟ್ಟೆಯೊಳಗೆ ಕಾಂಟ್ಯಾಕ್ಟರ್ ಎಂಬ ಒಂದು ಸ್ವಿಚ್ ಇರುತ್ತದೆ. ಅದರೊಳಗೆ ಹೆಬ್ಬೆರಳ ಉಗುರಿನಷ್ಟಗಲದ ಬೆಳ್ಳಿಯ ಬಿಲ್ಲೆಗಳಿರುತ್ತವೆ. ವೈರ್‌ಮನ್‌ಗಳು ಅವನ್ನು ಪಾಯಿಂಟುಗಳೆನ್ನುತ್ತಾರೆ. ಅವು ಸವೆಯುತ್ತವೆ, ಸುಡುತ್ತವೆ, ಕೆಲವೊಮ್ಮೆ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಆಗ ಗೋದಾಮಿನ ಕೆಲಸವೇ ನಿಲ್ಲುತ್ತದೆ.

ಉಪನ್ಯಾಸದ ಹರವು ಇಷ್ಟು: ಈ ಪಾಯಿಂಟುಗಳ ಕೆಲಸವೇನು ಮತ್ತು ಬ್ಯಾಟರಿಯ ಕರೆಂಟು ಅವುಗಳಿಗೆ ಏಕೆ ಅಷ್ಟು ಕಷ್ಟ ಕೊಡುತ್ತದೆ ಎಂಬುದು ಮೊದಲು, ಅವನ್ನು ಯಾವ ಲೋಹದಿಂದ ಮಾಡುತ್ತಾರೆ ಎಂಬುದು ಆಮೇಲೆ, ಬದಲಾಯಿಸುವುದು ಯಾವಾಗ, ಹೇಗೆ ಎಂಬುದು ಮೂರನೆಯದು. ಕೊನೆಗೆ, ತೆಗೆದುಹಾಕಿದ ಹಳೆಯ ಪಾಯಿಂಟು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ. ಹುಪರಿಯಂಥ ಬೆಳ್ಳಿಯ ಊರು ಮಗ್ಗುಲಲ್ಲೇ ಇರುವುದರಿಂದ ಈ ಪ್ರಶ್ನೆಗೆ ಇಲ್ಲಿ ಬೇರೆ ಕಡೆಗಿಂತ ಹೆಚ್ಚು ತೂಕವಿದೆ.

ಹಿನ್ನೆಲೆಗೆ ಒಂದೆರಡು ಮಾತು. ಇಚಲಕರಂಜಿಯಲ್ಲಿ ಮೊದಲ ಪವರ್‌ಲೂಮ್ ಬಂದದ್ದು 1904ರಲ್ಲಿ, ವಿಠ್ಠಲರಾವ್ ದಾತಾರರ ಪ್ರಯತ್ನದಿಂದ. ಅಮೆರಿಕದ ಪೆನ್ಸಿಲ್ವೇನಿಯಾ ರೈಲ್ವೆಯವರು ಆಲ್ಟೂನಾ ನಿಲ್ದಾಣದಲ್ಲಿ ಪ್ರಯಾಣಿಕರ ಸಾಮಾನು ಸಾಗಿಸಲು ಬ್ಯಾಟರಿ ಗಾಡಿಗಳನ್ನು ಇಳಿಸಿದ್ದು 1906ರಲ್ಲಿ. ಎರಡೂ ಹೆಚ್ಚುಕಡಿಮೆ ಒಂದೇ ಕಾಲದ ಸಂಗತಿಗಳು. ಆದರೆ ಇವೆರಡೂ ಒಂದೇ ಛಾವಣಿಯ ಕೆಳಗೆ ಸೇರಲು ಬಹಳ ವರ್ಷಗಳೇ ಬೇಕಾದವು. ಅಲ್ಲಿಯವರೆಗೆ ಹತ್ತಿಯ ಅಂಡಿಗೆಯನ್ನೂ ಬೆಲ್ಲದ ಪೆಂಟೆಯನ್ನೂ ಸಕ್ಕರೆಯ ಚೀಲವನ್ನೂ ಹೊತ್ತದ್ದು ಹಮಾಲರ ಬೆನ್ನು. ಅವರ ಕೂಲಿ ಮತ್ತು ಭದ್ರತೆಗಾಗಿ ಮಹಾರಾಷ್ಟ್ರ ಸರ್ಕಾರ ಮಾಥಾಡಿ ಹಮಾಲ್ ಕಾಯ್ದೆಯನ್ನು ತಂದದ್ದು 1969ರಲ್ಲಿ.

ಭಾರತದಲ್ಲಿ ಹತ್ತಿಯ ಒಂದು ಅಂಡಿಗೆ 170 ಕಿಲೋ ತೂಗುತ್ತದೆ. ನೂಲಿನ ಗಿರಣಿಯ ಒಳಗೆ ಡೀಸೆಲ್ ಗಾಡಿ ಓಡಿಸಿದರೆ ಹೊಗೆಯ ಮಸಿ ಬಿಳಿ ನೂಲಿನ ಮೇಲೆ ಕೂಡುತ್ತದೆ, ಕೆಲಸಗಾರರ ಎದೆಗೂ ಇಳಿಯುತ್ತದೆ. ಹಾಲಿನ ಡೇರಿ, ಶೀತಲಗೃಹ, ಔಷಧದ ಗೋದಾಮುಗಳಲ್ಲೂ ಇದೇ ತೊಡಕು. ಆದ್ದರಿಂದಲೇ ಅಲ್ಲೆಲ್ಲ ಬ್ಯಾಟರಿ ಫೋರ್ಕ್‌ಲಿಫ್ಟಿಗೆ ಬೇಡಿಕೆ.

ಇನ್ನು ಮೊದಲ ವಿಷಯ, ಪಾಯಿಂಟಿನ ಕೆಲಸ.

ಚಾಲಕ ಲಿವರನ್ನು ಮುಂದಕ್ಕೆ ತಳ್ಳಿದಾಗ ಮೋಟಾರಿನ ಕರೆಂಟು ಆ ಲಿವರಿನ ಮೂಲಕ ಹರಿಯುವುದಿಲ್ಲ. ಅಲ್ಲಿ ಹರಿಯುವುದು ಒಂದು ಸಣ್ಣ ಕರೆಂಟು. ಅದು ಕಾಂಟ್ಯಾಕ್ಟರಿನ ಕಾಯಿಲಿಗೆ ಹೋಗುತ್ತದೆ, ಕಾಯಿಲ್ ಅಯಸ್ಕಾಂತವಾಗುತ್ತದೆ, ಕಬ್ಬಿಣದ ತುಂಡೊಂದನ್ನು ಎಳೆದುಕೊಳ್ಳುತ್ತದೆ. ಆ ತುಂಡಿನ ಜೊತೆ ಒಂದು ತಾಮ್ರದ ಸೇತುವೆ ಚಲಿಸಿ, ಎದುರಿಗಿರುವ ಎರಡು ಸ್ಥಿರ ಪಾಯಿಂಟುಗಳ ಮೇಲೆ ಒತ್ತಿ ಕೂಡುತ್ತದೆ. ದೊಡ್ಡ ಕರೆಂಟು ಹರಿಯುವುದು ಆಗ. ಲಿವರ್ ಬಿಟ್ಟರೆ ಸ್ಪ್ರಿಂಗು ಸೇತುವೆಯನ್ನು ಹಿಂದಕ್ಕೆ ತಳ್ಳುತ್ತದೆ. ಸೇತುವೆ ಹೀಗೆ ಕೂಡುವಾಗ, ಬಿಡುವಾಗ ಟಕ್ ಎಂಬ ಸದ್ದು ಕೇಳಿಸುತ್ತದೆ.

ದೊಡ್ಡ ಕರೆಂಟು ಎಂದರೆ ಎಷ್ಟು? ಮಧ್ಯಮ ಗಾತ್ರದ ಬಹಳಷ್ಟು ಗಾಡಿಗಳಲ್ಲಿ 48 ವೋಲ್ಟಿನ ಸೀಸದ ಬ್ಯಾಟರಿ ಇರುತ್ತದೆ, ತಲಾ 2 ವೋಲ್ಟಿನ 24 ಸೆಲ್ಲುಗಳು. ಭಾರ ಹೊತ್ತು ಏರು ಹತ್ತುವಾಗ ಮೋಟಾರು 10 ಕಿಲೋವಾಟ್ ಕೇಳಿತು ಎಂದುಕೊಂಡರೆ, 48 ವೋಲ್ಟಿನಲ್ಲಿ ಅದು ಸುಮಾರು 208 ಆಂಪಿಯರ್. ಇಚಲಕರಂಜಿಯ ಮಗ್ಗದ ಒಂದು ಅಶ್ವಶಕ್ತಿಯ ತ್ರೀ ಫೇಸ್ ಮೋಟಾರು ಎರಡು ಆಂಪಿಯರ್‌ನ ಆಸುಪಾಸಿನಲ್ಲಿ ಕೆಲಸ ಮುಗಿಸುತ್ತದೆ. ಅಂದರೆ ನೂರು ಮಗ್ಗಗಳ ಮೋಟಾರುಗಳು ಪ್ರತಿ ಫೇಸಿನಲ್ಲಿ ಎಳೆಯುವಷ್ಟು ಆಂಪಿಯರ್, ಒಂದು ಜೋಡಿ ಬಿಲ್ಲೆಗಳ ನಡುವೆ ಹಾಯಬೇಕು.

ಆದರೆ ಆಂಪಿಯರಿಗಿಂತ ಹೆಚ್ಚು ಕಾಡುವುದು ಕರೆಂಟಿನ ಜಾತಿ. ಮನೆಗೆ, ಮಗ್ಗಕ್ಕೆ, ನದಿಯ ದಂಡೆಯ ಪಂಪ್‌ಸೆಟ್ಟಿಗೆ ಬರುವುದು ಎ.ಸಿ. ಅದು ಸೆಕೆಂಡಿಗೆ 50 ಆವರ್ತ ಸುತ್ತುತ್ತದೆ, ಹಾಗೆ ಸುತ್ತುವಾಗ ಸೆಕೆಂಡಿಗೆ 100 ಸಲ ಸೊನ್ನೆಗೆ ಬಂದು ಹೋಗುತ್ತದೆ. ಸ್ವಿಚ್ ಬಿಚ್ಚಿಕೊಂಡಾಗ ಹುಟ್ಟುವ ಕಿಡಿ ಆ ಸೊನ್ನೆಯ ಕ್ಷಣದಲ್ಲಿ ತಾನೇ ಆರುತ್ತದೆ. ಬ್ಯಾಟರಿಯ ಡಿ.ಸಿ.ಗೆ ಈ ಸೊನ್ನೆಯ ಕ್ಷಣವೇ ಇಲ್ಲ. ಪಾಯಿಂಟುಗಳು ದೂರ ಸರಿದರೂ ನಡುವಿನ ಗಾಳಿ ಕಾದು, ಒಡೆದು, ಕರೆಂಟಿಗೆ ದಾರಿ ಬಿಡುತ್ತದೆ. ಕಿಡಿ ಜ್ವಾಲೆಯಾಗಿ ನಿಂತುಬಿಡುತ್ತದೆ. ಮೋಟಾರಿನ ಸುರುಳಿಯಲ್ಲಿ ಕೂಡಿದ ಶಕ್ತಿ ಅದಕ್ಕೆ ಇನ್ನಷ್ಟು ಉಣಿಸುತ್ತದೆ. 1925ರ ಫೆಬ್ರವರಿ 3ರಂದು ಮುಂಬೈಯ ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ ಓಡಿದ ದೇಶದ ಮೊದಲ ವಿದ್ಯುತ್ ರೈಲು 1500 ವೋಲ್ಟ್ ಡಿ.ಸಿ.ಯದು, ಬೆಂಗಳೂರಿನ ಮೆಟ್ರೋ ಇಂದು 750 ವೋಲ್ಟ್ ಡಿ.ಸಿ.ಯ ಮೇಲೆ ಓಡುತ್ತದೆ. ಡಿ.ಸಿ. ಕರೆಂಟನ್ನು ಕಡಿಯುವ ಕಷ್ಟ ಇವಕ್ಕೂ ತಪ್ಪಿದ್ದಲ್ಲ.

ಇದಕ್ಕೆ ಪರಿಹಾರ ಶಾಲೆಯ ಭೌತಶಾಸ್ತ್ರದಲ್ಲೇ ಇದೆ. ಕರೆಂಟು ಹರಿಯುವ ವಾಹಕವನ್ನು ಅಯಸ್ಕಾಂತ ಪಕ್ಕಕ್ಕೆ ತಳ್ಳುತ್ತದೆ. ಫ್ಲೆಮಿಂಗನ ಎಡಗೈ ನಿಯಮ ಹೇಳುವುದು ಇದನ್ನೇ. ಕಿಡಿಯೂ ಒಂದು ವಾಹಕವೇ. ಪಾಯಿಂಟಿನ ಬದಿಗಳಲ್ಲಿ ಪುಟ್ಟ ಅಯಸ್ಕಾಂತಗಳನ್ನು ಕೂಡಿಸಿದರೆ ಕಿಡಿ ಹೊರಗೆ ಬಾಗಿ, ಉದ್ದವಾಗಿ, ತಣ್ಣಗಾಗಿ ಹರಿದುಹೋಗುತ್ತದೆ. ಇದಕ್ಕೆ ಬ್ಲೋಔಟ್ ಎಂದು ಹೆಸರು. ಫೋರ್ಕ್‌ಲಿಫ್ಟುಗಳಲ್ಲಿ ಹೆಚ್ಚಾಗಿ ಕಾಣುವ ಬ್ರಿಟನ್ನಿನ ಆಲ್‌ಬ್ರೈಟ್ ಕಾಂಟ್ಯಾಕ್ಟರುಗಳಲ್ಲಿ ಎಸ್‌ಡಬ್ಲ್ಯೂ 200 ಎಂಬ ಅಂಕೆಯ ಕೊನೆಗೆ ‘ಬಿ’ ಅಕ್ಷರವಿದ್ದರೆ ಬ್ಲೋಔಟ್ ಉಂಟೆಂದು ಅರ್ಥ. ಅಂಥದರಲ್ಲಿ ಪ್ಲಸ್ ಗುರುತಿನ ಕಡೆಗೇ ಬ್ಯಾಟರಿಯ ಪ್ಲಸ್ ಬರಬೇಕು. ಅದಲುಬದಲಾದರೆ ಅಯಸ್ಕಾಂತ ಕಿಡಿಯನ್ನು ಹೊರಗೆ ತಳ್ಳುವ ಬದಲು ಒಳಗೆ, ಕಾಂಟ್ಯಾಕ್ಟರಿನ ಮೈಮೇಲೇ ತಳ್ಳುತ್ತದೆ. ಗಡಿಬಿಡಿಯ ರಿಪೇರಿಯಲ್ಲಿ ಈ ತಪ್ಪು ಸುಲಭವಾಗಿ ಆಗುತ್ತದೆ. ಗಾಡಿ ಓಡುತ್ತಲೂ ಇರುತ್ತದೆ, ಆದ್ದರಿಂದ ಯಾರಿಗೂ ತಿಳಿಯುವುದಿಲ್ಲ.

ಎರಡನೆಯದು, ಲೋಹದ ವಿಚಾರ.

ತಾಮ್ರ ಅಗ್ಗ, ಕರೆಂಟನ್ನು ಚೆನ್ನಾಗಿ ಹರಿಸುತ್ತದೆ. ಬೆಳ್ಳಿ ಅದಕ್ಕಿಂತ ತುಸು ಮೇಲು, ಅಷ್ಟೇ. ಹಾಗಿದ್ದರೆ ಅಷ್ಟು ದುಡ್ಡು ಸುರಿದು ಬೆಳ್ಳಿಯನ್ನೇ ಏಕೆ ಕೂಡಿಸಬೇಕು? ಉತ್ತರ ಇರುವುದು ಲೋಹದ ಮೇಲೆ ಕೂಡುವ ಕಿಲುಬಿನಲ್ಲಿ. ಬಿಸಿಯಾದ ತಾಮ್ರದ ಮೇಲೆ ಕಟ್ಟುವ ಆಕ್ಸೈಡಿನ ಪದರ ಕರೆಂಟಿಗೆ ತಡೆಯಾಗುತ್ತದೆ. ತಡೆಯಿಂದ ಬಿಸಿ, ಬಿಸಿಯಿಂದ ಮತ್ತಷ್ಟು ಆಕ್ಸೈಡು. ಬೆಳ್ಳಿಯ ಆಕ್ಸೈಡಾದರೋ ಕಿಡಿಯ ಬಿಸಿಗೆ ತಾನೇ ಒಡೆದು ಮತ್ತೆ ಬೆಳ್ಳಿಯಾಗುತ್ತದೆ. ಆದ್ದರಿಂದ ಬೆಳ್ಳಿಯ ಪಾಯಿಂಟು ಕಪ್ಪಾಗಿ ಕಂಡರೂ ಒಳ್ಳೆಯ ಸ್ಥಿತಿಯಲ್ಲೇ ಇರಬಹುದು.

ನಮ್ಮ ಕಾರ್ಖಾನೆಗಳಲ್ಲಿ ಇದಕ್ಕೆ ತದ್ವಿರುದ್ಧದ ರೂಢಿಯಿದೆ. ಪಾಯಿಂಟು ಕಪ್ಪಾಗಿದೆ ಎಂದೊಡನೆ ಕಾನಸಿಗೋ ಪಾಲಿಶ್ ಪೇಪರಿಗೋ ಕೈ ಹೋಗುತ್ತದೆ. ಪಂಪ್‌ಸೆಟ್ಟಿನ ಹಳೆಯ ತಾಮ್ರದ ಪಾಯಿಂಟುಗಳನ್ನು ಹಾಗೆ ಉಜ್ಜಿ ಉಜ್ಜಿ ಬೆಳೆದ ಕೈಗಳು ಅವು. ತಾಮ್ರಕ್ಕೆ ಅದು ಸರಿ. ಬೆಳ್ಳಿಯನ್ನು ಉಜ್ಜುವುದು ಅದರ ಆಯುಷ್ಯವನ್ನೇ ಉಜ್ಜಿ ಕೆಳಗೆ ಉದುರಿಸಿದಂತೆ. ಪಾಲಿಶ್ ಪೇಪರಿನ ಹರಳುಗಳು ಮೆತ್ತನೆಯ ಬೆಳ್ಳಿಯಲ್ಲಿ ಸಿಕ್ಕಿಕೊಂಡು ಹೊಸ ತಡೆಯೂ ಹುಟ್ಟುತ್ತದೆ.

ಅಪ್ಪಟ ಬೆಳ್ಳಿಗೂ ಒಂದು ದೋಷವಿದೆ. ಅದು 962 ಡಿಗ್ರಿ ಸೆಲ್ಸಿಯಸ್ಸಿಗೇ ಕರಗುತ್ತದೆ. ಪಾಯಿಂಟುಗಳು ಕೂಡುವ ಗಳಿಗೆಯಲ್ಲಿ ಒಮ್ಮೆ ಪುಟಿಯುತ್ತವೆ, ಆ ಪುಟಿತದ ಕಿಡಿಯಲ್ಲಿ ಮೈ ಕರಗಿ, ಮರುಕ್ಷಣ ಒತ್ತಿಕೊಂಡಾಗ ಬೆಸೆದುಹೋಗುತ್ತವೆ. ಇದನ್ನು ತಪ್ಪಿಸಲು ಬೆಳ್ಳಿಗೆ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಕ್ಯಾಡ್ಮಿಯಂ ಆಕ್ಸೈಡ್ ಬೆರೆಸುವ ಪದ್ಧತಿ ಹಲವು ದಶಕ ನಡೆಯಿತು. ಬೆಸುಗೆ ಬೀಳುವುದು ಕಡಿಮೆಯಾಯಿತು, ಕಿಡಿ ಬೇಗ ಆರಿತು. ಕ್ಯಾಡ್ಮಿಯಂ ವಿಷ ಎಂಬುದು ಅದರ ಇನ್ನೊಂದು ಮುಖ. ಐರೋಪ್ಯ ಒಕ್ಕೂಟ 2006ರ ಜುಲೈ 1ರಿಂದ ವಿದ್ಯುತ್ ಸಲಕರಣೆಗಳಲ್ಲಿ ಅದಕ್ಕೆ ಕಡಿವಾಣ ಹಾಕಿತಾದರೂ ಪಾಯಿಂಟುಗಳಿಗೆ ವಿನಾಯಿತಿ ಕೊಡಬೇಕಾಯಿತು, ಅಷ್ಟು ಸುಲಭವಾಗಿ ಅದರ ಜಾಗಕ್ಕೆ ಬೇರೆಯದು ಸಿಕ್ಕಿರಲಿಲ್ಲ. ಈಗ ತವರದ ಆಕ್ಸೈಡ್ ಬೆರೆಸಿದ ಬೆಳ್ಳಿ ಹೆಚ್ಚಾಗಿ ಬಳಕೆಯಲ್ಲಿದೆ. ಆದರೆ ಹಳೆಯ ಗಾಡಿಗಳೊಳಗೆ ಕ್ಯಾಡ್ಮಿಯಂ ಇನ್ನೂ ಕೂತಿದೆ. ಈ ಮಾತಿಗೆ ಆಮೇಲೆ ಮರಳಬೇಕಾಗುತ್ತದೆ.

ಸಭಿಕರೇ, ಈಗ ಮೂರನೆಯ ವಿಷಯ: ಬದಲಾಯಿಸುವುದು ಯಾವಾಗ, ಹೇಗೆ. ಇಲ್ಲಿ ತುಸು ಹೆಚ್ಚು ಹೊತ್ತು ನಿಲ್ಲುವುದು ಅಗತ್ಯ.

ಗಿರಣಿಯ ಗೋದಾಮಿನಲ್ಲಿ ಸಾಮಾನ್ಯವಾಗಿ ನಡೆಯುವ ಮಾತುಕತೆ ಹೀಗಿರುತ್ತದೆ. ಚಾಲಕ ಬಂದು ಹೇಳುತ್ತಾನೆ: “ಮಾಮಾ, ಗಾಡಿ ಮುಂದ ಹೊಕ್ಕೈತಿ, ಹಿಂದ ಬರವಲ್ದು ನೋಡ್ರಿ.” ಮಿಸ್ತ್ರಿ ಕೇಳುವ ಮೊದಲ ಪ್ರಶ್ನೆ: “ಟಕ್ ಅಂತೈತೇನ?” “ಅಂತೈತ್ರಿ.” “ಹಂಗಾರ ಕಾಯಿಲ್ ಚಲೋ ಐತಿ. ಪಾಯಿಂಟ್ ಬಿಚ್ಚಿ ನೋಡೂಣು.”

ಈ ನಾಲ್ಕು ಮಾತಿನಲ್ಲಿ ಅರ್ಧ ಪರೀಕ್ಷೆ ಮುಗಿದಿದೆ. ಡಿ.ಸಿ. ಮೋಟಾರಿನ ಗಾಡಿಯಲ್ಲಿ ಮುಂದಕ್ಕೊಂದು, ಹಿಂದಕ್ಕೊಂದು ಕಾಂಟ್ಯಾಕ್ಟರು. ಮುಂದೆ ಹೋಗುತ್ತದೆ ಎಂದರೆ ಬ್ಯಾಟರಿ, ಮೋಟಾರು, ಬ್ಯಾಟರಿಯನ್ನೇ ಜೋಡಿಸಿ ಕಡಿಯುವ ಮುಖ್ಯ ಕಾಂಟ್ಯಾಕ್ಟರು ಸರಿಯಿವೆ. ಟಕ್ ಎನ್ನುತ್ತದೆ ಎಂದರೆ ಹಿಂದಿನದರ ಕಾಯಿಲಿಗೆ ಕರೆಂಟು ಬಂದಿದೆ, ಸೇತುವೆ ಚಲಿಸಿದೆ. ಉಳಿದದ್ದು ಪಾಯಿಂಟು ಮಾತ್ರ. ಸದ್ದೇ ಇಲ್ಲದಿದ್ದರೆ ಕಾಯಿಲನ್ನೋ, ಪೆಡಲಿನ ಕೆಳಗಿನ ಮೈಕ್ರೋಸ್ವಿಚ್ಚನ್ನೋ ಹುಡುಕಬೇಕಿತ್ತು.

ಬಿಚ್ಚುವ ಮೊದಲು ಬ್ಯಾಟರಿಯ ಪ್ಲಗ್ಗು ಕಳಚಬೇಕು. ಮೋಟಾರಿನ ಕರೆಂಟನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಕಂಟ್ರೋಲರಿನ ಕೆಪಾಸಿಟರಿನಲ್ಲಿ ಕೂಡಿರುವ ವಿದ್ಯುತ್ತನ್ನು ಒಂದು ರೆಸಿಸ್ಟರ್ ಹಿಡಿದು ಇಳಿಸಬೇಕು. ಎಳೆಯುವ ಗಾಲಿಗಳನ್ನು ನೆಲದಿಂದ ಎತ್ತಿ ಮರದ ದಿಮ್ಮಿ ಕೊಡಬೇಕು, ಏಕೆಂದರೆ ಪಾಯಿಂಟು ಬೆಸೆದುಕೊಂಡಿದ್ದ ಗಾಡಿಗೆ ಮತ್ತೆ ಪ್ಲಗ್ಗು ಹಾಕಿದ ಕ್ಷಣವೇ ಅದು ಯಾರಿಗೂ ಹೇಳದೆ ಹೊರಟುಬಿಡಬಹುದು. 48 ವೋಲ್ಟು ಮೈಗೆ ಅಷ್ಟಾಗಿ ಹೊಡೆಯುವುದಿಲ್ಲ ಎಂಬ ಸದರ ಬೇಡ. ಬೆರಳಿನ ಉಂಗುರವೋ ಪಾನಾವೋ ಪ್ಲಸ್–ಮೈನಸ್ ನಡುವೆ ಸಿಕ್ಕರೆ ಕೆಂಪಗೆ ಕಾಯುವುದಕ್ಕೆ ಅರೆಗಳಿಗೆ ಸಾಕು.

ಒಳಗೆ ಕಾಣುವುದನ್ನು ಓದಲು ಕಲಿಯಬೇಕು. ಮೈಯೆಲ್ಲ ಸಮನಾಗಿ ಕಪ್ಪು, ಸಣ್ಣ ಕುಳಿಗಳು: ಚಿಂತೆಯಿಲ್ಲ, ಮುಚ್ಚಿಬಿಡಬಹುದು. ಒಂದು ಬದಿಯಷ್ಟೇ ಸವೆದಿದ್ದರೆ ಸೇತುವೆ ಓರೆಯಾಗಿ ಕೂಡುತ್ತಿದೆ. ಒಂದು ಪಾಯಿಂಟಿನಲ್ಲಿ ಗುಳಿ, ಎದುರಿನದರಲ್ಲಿ ಅದೇ ಆಕಾರದ ಉಬ್ಬು ಎದ್ದಿದ್ದರೆ ಕಿಡಿ ಒಂದರ ಲೋಹವನ್ನು ಇನ್ನೊಂದಕ್ಕೆ ಸಾಗಿಸಿದೆ, ಡಿ.ಸಿ.ಯ ಕರೆಂಟು ಒಂದೇ ದಿಕ್ಕಿಗೆ ಹರಿಯುವುದರಿಂದ ಹೀಗಾಗುತ್ತದೆ. ಬೆಳ್ಳಿಯ ನಡುವೆ ತಾಮ್ರದ ಕೆಂಪು ಇಣುಕಿತೆಂದರೆ ಆಗಲೇ ತಡವಾಗಿದೆ.

ಬದಲಾಯಿಸುವಾಗ ಒಂದೇ ಒಂದು ಪಾಯಿಂಟು ಹಾಕುವುದು ಉಳಿತಾಯವಲ್ಲ. ಎರಡು ಸ್ಥಿರ ಪಾಯಿಂಟು, ಚಲಿಸುವ ಸೇತುವೆ, ಅದರ ಸ್ಪ್ರಿಂಗು ಇವೆಲ್ಲ ಒಂದೇ ಕಿಟ್ಟಿನಲ್ಲಿ ಬರುತ್ತವೆ, ಒಟ್ಟಿಗೇ ಹಾಕಬೇಕು. ಹೊಸದು ದಪ್ಪ, ಹಳೆಯದು ತೆಳು ಎಂದಾದರೆ ಒತ್ತಡ ಒಂದೇ ಕಡೆಗೆ ಬೀಳುತ್ತದೆ. ಬಿಸಿಗೆ ಸ್ಪ್ರಿಂಗಿನ ಹದ ಹೋಗಿರುತ್ತದೆ, ನೋಡಲು ಮಾತ್ರ ಮೊದಲಿನಂತೆಯೇ ಇರುತ್ತದೆ. ಪವರ್‌ಲೂಮಿನ ಲಾಳಿಯನ್ನು ತಳ್ಳುವ ಪಿಕ್ಕರ್ ಸವೆಯಿತೆಂದು ಇಚಲಕರಂಜಿಯಲ್ಲಿ ಯಾರೂ ಮಗ್ಗವನ್ನು ದೂರುವುದಿಲ್ಲ, ಹೊಸದು ಹಾಕಿ ನೇಯುತ್ತಾರೆ. ಪಾಯಿಂಟೂ ಸವೆಯಲೆಂದೇ ಮಾಡಿದ ಭಾಗ.

ಕಿಟ್ಟು ಕೊಳ್ಳುವಾಗ ಕಾಂಟ್ಯಾಕ್ಟರಿನ ಮೇಲಿನ ಪೂರ್ತಿ ಅಂಕೆ, ಅಕ್ಷರ ಸಮೇತ ಬರೆದುಕೊಂಡು ಹೋಗಬೇಕು. ಗಾಡಿಯ ಕಂಪನಿಯ ಹೆಸರು ಹೇಳಿದರೆ ಸಾಲದು, ಒಂದೇ ಕಂಪನಿ ಬೇರೆ ಬೇರೆ ವರ್ಷ ಬೇರೆ ಬೇರೆ ಕಾಂಟ್ಯಾಕ್ಟರು ಕೂಡಿಸಿರುತ್ತದೆ. ಪೇಟೆಯಲ್ಲಿ ನಕಲಿಯೂ ಉಂಟು: ತಾಮ್ರದ ಮೇಲೆ ಬೆಳ್ಳಿಯ ನೀರು ಕೊಟ್ಟ ಮಾಲು. ಕಣ್ಣಿಗೆ ಹತ್ತಿರ ಹಿಡಿದು ಅಂಚನ್ನು ನೋಡಿದರೆ ಗೊತ್ತಾಗುತ್ತದೆ. ಸಾಚಾ ಪಾಯಿಂಟಿನಲ್ಲಿ ಬಿಳಿಯ ಪದರವೂ ಕೆಂಪು ತಾಮ್ರವೂ ಸೇರುವಲ್ಲಿ ಸಾಮಾನ್ಯವಾಗಿ ಒಂದು ಗೆರೆ ಸ್ಪಷ್ಟವಾಗಿ ಕಾಣುತ್ತದೆ. ನೀರು ಕೊಟ್ಟದ್ದು ಸುತ್ತಲೂ ಒಂದೇ ಬಿಳುಪು. ಅಂಚಿನಲ್ಲಿ ಕಾನಸನ್ನು ಒಮ್ಮೆ ಎಳೆದರೆ ಕೆಂಪು ಹೊರಬರುತ್ತದೆ. ಕಾನಸನ್ನು ಬಳಸುವುದಾದರೆ ಇದಕ್ಕೆ ಬಳಸಲಿ. 2025ರಲ್ಲಿ ಬೆಳ್ಳಿ ಕಿಲೋಗೆ ಲಕ್ಷ ರೂಪಾಯಿಯ ಗೆರೆ ದಾಟಿ ಮೇಲೇರಿತು. ತೀರ ಅಗ್ಗದ ಕಿಟ್ಟಿನಲ್ಲಿ ಎಷ್ಟು ಬೆಳ್ಳಿ ಇರಬಲ್ಲದು ಎಂಬುದು ಹುಪರಿಯ ಮಕ್ಕಳಿಗೂ ಲೆಕ್ಕ ಬರುವ ಸಂಗತಿ.

ಹೊಸ ಪಾಯಿಂಟು ಹಾಕಿದ ತಿಂಗಳಲ್ಲೇ ಮತ್ತೆ ಸುಟ್ಟರೆ? ಆಗ ಪಾಯಿಂಟನ್ನು ಬೈಯುವುದು ಬಿಟ್ಟು ಕಾರಣ ಹುಡುಕಬೇಕು. ಬ್ಯಾಟರಿ ಪೂರ್ತಿ ಇಳಿಯುವ ತನಕ ಓಡಿಸುವುದು ಮುಖ್ಯ ಕಾರಣಗಳಲ್ಲೊಂದು. ವೋಲ್ಟೇಜು ಕುಸಿದಾಗ ಕಾಯಿಲಿನ ಎಳೆತ ಸಡಿಲವಾಗುತ್ತದೆ, ಪಾಯಿಂಟು ಗಟ್ಟಿಯಾಗಿ ಒತ್ತುವುದಿಲ್ಲ, ನಡುಗುತ್ತ ಕೂಡುತ್ತದೆ, ಬೆಸೆದುಕೊಳ್ಳುತ್ತದೆ. ಕೇಬಲ್ಲಿನ ನಟ್ಟು ಸಡಿಲವಿದ್ದರೆ ಬಿಸಿ ಹೊರಗಿನಿಂದಲೇ ಒಳಗೆ ಹರಿಯುತ್ತದೆ. ಮುಖ್ಯ ಕಾಂಟ್ಯಾಕ್ಟರಿಗೆ ಅಡ್ಡಲಾಗಿ ಒಂದು ಪ್ರೀಚಾರ್ಜ್ ರೆಸಿಸ್ಟರ್ ಇರುತ್ತದೆ. ಪಾಯಿಂಟು ಕೂಡುವ ಮೊದಲೇ ಕಂಟ್ರೋಲರಿನ ಕೆಪಾಸಿಟರನ್ನು ಮೆಲ್ಲಗೆ ತುಂಬಿಸುವುದು ಅದರ ಕೆಲಸ. ಬೆಲೆಯಲ್ಲಿ ಅಲ್ಪ. ಅದು ಸತ್ತರೆ ಪ್ರತಿ ಸಲ ಕೀ ತಿರುಗಿಸಿದಾಗಲೂ ಕರೆಂಟು ಒಮ್ಮೆಲೇ ನುಗ್ಗಿ ಬೆಳ್ಳಿಯನ್ನು ಕಚ್ಚುತ್ತದೆ.

ಮತ್ತೊಂದು ಸೂಕ್ಷ್ಮವಿದೆ. ಹಳೆಯ ಗಾಡಿಗಳಲ್ಲಿ ರೆಸಿಸ್ಟರುಗಳನ್ನು ಒಂದೊಂದಾಗಿ ಸೇರಿಸಿ ಬಿಡಿಸಿ ವೇಗ ಬದಲಾಯಿಸುತ್ತಿದ್ದರು. ಪ್ರತಿ ಹಂತಕ್ಕೂ ಕಾಂಟ್ಯಾಕ್ಟರು, ಪ್ರತಿ ಹಂತಕ್ಕೂ ಕಿಡಿ. ಎಲೆಕ್ಟ್ರಾನಿಕ್ ಕಂಟ್ರೋಲರು ಬಂದ ಮೇಲೆ ಮೊದಲು ಕಂಟ್ರೋಲರು ಕರೆಂಟನ್ನು ಸೊನ್ನೆಗೆ ಇಳಿಸುತ್ತದೆ, ಆಮೇಲೆ ಪಾಯಿಂಟು ಬಿಚ್ಚಿಕೊಳ್ಳುತ್ತದೆ. ಅಂಥ ಗಾಡಿಯಲ್ಲಿ ಪಾಯಿಂಟಿಗೆ ಕಿಡಿಯೇ ಅಪರೂಪ. ಅಲ್ಲಿಯೂ ಮೇಲಿಂದ ಮೇಲೆ ಸುಡುತ್ತಿದ್ದರೆ ಈ ಹಿಂದುಮುಂದಿನ ಕ್ರಮ ಎಲ್ಲೋ ತಪ್ಪಿದೆ ಎಂದು ತಿಳಿಯಬೇಕು. ಎ.ಸಿ. ಮೋಟಾರಿನ ಹೊಸ ಗಾಡಿಗಳಲ್ಲಿ ಮುಂದೆ–ಹಿಂದೆಯ ಕಾಂಟ್ಯಾಕ್ಟರುಗಳೇ ಮಾಯವಾಗಿವೆ. ಮುಖ್ಯ ಕಾಂಟ್ಯಾಕ್ಟರು ಮಾತ್ರ ಉಳಿದಿದೆ, ತುರ್ತಿನಲ್ಲಿ ಬ್ಯಾಟರಿಯನ್ನು ಕಡಿಯಲು. ಕೆಲವು ಹೊಸ ಕಾಂಟ್ಯಾಕ್ಟರುಗಳು ಪೂರ್ತಿ ಸೀಲಾಗಿ ಬರುತ್ತವೆ, ಪಾಯಿಂಟು ಬದಲಾಯಿಸುವ ಮಾತೇ ಇಲ್ಲ, ಇಡಿಯಾಗಿ ಹೊಸದು. ಮಿಸ್ತ್ರಿಗಳಿಗೆ ಇದು ಹಿಡಿಸುವುದಿಲ್ಲ. ಅವರ ಅಸಮಾಧಾನದಲ್ಲಿ ನ್ಯಾಯವಿದೆ.

ಶಿರೋಳ ತಾಲೂಕಿನ ಪ್ರವಾಹದ ಮಾತು ಹೇಳದೆ ಮುಂದೆ ಹೋಗುವಂತಿಲ್ಲ. 2019ರ ಆಗಸ್ಟಿನಲ್ಲಿ, ಮತ್ತೆ 2021ರ ಜುಲೈಯಲ್ಲಿ ಕೃಷ್ಣಾ, ಪಂಚಗಂಗೆಗಳು ಊರುಗಳಿಗೆ ನುಗ್ಗಿದವು. ನೀರಿಳಿದ ಮೇಲೆ ಕಾಂಟ್ಯಾಕ್ಟರಿನಲ್ಲಿ ಉಳಿಯುವುದು ನಯವಾದ ಕೆಸರು. ಅದು ಕಬ್ಬಿಣದ ಮುಖಗಳ ನಡುವೆ ಒಣಗಿದರೆ ಕಾಯಿಲ್ ಎಷ್ಟು ಎಳೆದರೂ ಸೇತುವೆ ಪೂರ್ತಿ ಕೂಡುವುದಿಲ್ಲ. ಪಾಯಿಂಟನ್ನು ತೊಳೆದು ಒಣಗಿಸಿ ಉಳಿಸಬಹುದು. ನೀರು ಕುಡಿದ ಕಾಯಿಲನ್ನು ನಂಬುವುದಕ್ಕಿಂತ ಇಡೀ ಕಾಂಟ್ಯಾಕ್ಟರನ್ನೇ ಬದಲಾಯಿಸುವುದು ಲೇಸು. ಒಣಗಿದೆಯೋ ನೋಡೋಣ ಎಂದು ಕೀ ತಿರುಗಿಸುವುದಂತೂ ಕೂಡದು.

ಇನ್ನು ಕೊನೆಯ ವಿಷಯ, ಹಳೆಯ ಪಾಯಿಂಟಿನ ಗತಿ.

ಸವೆದ ಪಾಯಿಂಟಿನಲ್ಲೂ ಬೆಳ್ಳಿ ಉಳಿದಿರುತ್ತದೆ. ಅದನ್ನು ಯಾರೂ ಕಸಕ್ಕೆ ಎಸೆಯುವುದಿಲ್ಲ, ಎಸೆಯಲೂಬಾರದು. ಮಿಸ್ತ್ರಿಯ ಡಬ್ಬಿಯಲ್ಲಿ ಕೂಡುತ್ತವೆ, ಡಬ್ಬಿ ತುಂಬಿದಾಗ ಗುಜರಿಯವರ ಕೈಗೆ, ಅಲ್ಲಿಂದ ಬೆಳ್ಳಿ ಕರಗಿಸುವ ಕಡೆಗೆ. ಹಾತಕಣಂಗಲೆ ತಾಲೂಕಿನ ಹುಪರಿ ಬೆಳ್ಳಿಯ ಗೆಜ್ಜೆ, ಕಾಲುಚೈನುಗಳಿಗೆ ಹೆಸರಾದ ಊರು. ಕರಗಿಸುವ, ತಂತಿ ಎಳೆಯುವ, ಬೆಸೆಯುವ ಕೆಲಸ ಅಲ್ಲಿ ಮನೆಮನೆಯಲ್ಲಿ ನಡೆಯುತ್ತದೆ. ಒಲೆಯ ಹತ್ತಿರ ಹೆಂಗಸರೂ ಮಕ್ಕಳೂ ಓಡಾಡುತ್ತಿರುತ್ತಾರೆ. ಬೆಳ್ಳಿ ಕರಗುವುದು 962 ಡಿಗ್ರಿಗೆ ಎಂದು ಆಗಲೇ ಹೇಳಿದೆ. ಕ್ಯಾಡ್ಮಿಯಂ 767 ಡಿಗ್ರಿಗೇ ಕುದಿದು ಆವಿಯಾಗುತ್ತದೆ. ಇದ್ದಿಲಿನ ಮೂಸೆಯಲ್ಲಿ ಅದರ ಆಕ್ಸೈಡು ಆಮ್ಲಜನಕ ಕಳೆದುಕೊಂಡು ಲೋಹವಾದರೆ, ಬೆಳ್ಳಿ ಕರಗುವ ಬಿಸಿಯಲ್ಲಿ ಆ ಲೋಹ ಹೊಗೆಯಾಗಿ ಮೇಲೇಳುತ್ತದೆ. ಹೊಗೆ ಎಳೆದವರಿಗೆ ಆಗ ಹೆಚ್ಚೇನೂ ಅನ್ನಿಸದೆ ಇರಬಹುದು. ಗಂಟೆಗಳ ಮೇಲೆ ಜ್ವರ, ಕೆಮ್ಮು, ಉಸಿರಾಟದ ತೊಂದರೆ ಶುರುವಾಗುತ್ತವೆ. ಹೆಚ್ಚಾದರೆ ಶ್ವಾಸಕೋಶದಲ್ಲಿ ನೀರು ತುಂಬಿ ಜೀವಕ್ಕೇ ಮುಳುವು. ಸ್ವಲ್ಪ ಸ್ವಲ್ಪವೇ ವರ್ಷಗಟ್ಟಲೆ ಒಳಗೆ ಹೋದರೆ ಮೂತ್ರಪಿಂಡ ಕೆಡುತ್ತದೆ.

ಜಪಾನಿನ ತೊಯಾಮಾ ಪ್ರಾಂತದಲ್ಲಿ ಜಿಂಜು ನದಿಗೆ ಗಣಿಯಿಂದ ಹರಿದ ಕ್ಯಾಡ್ಮಿಯಂ ಭತ್ತದ ಗದ್ದೆಗಳ ಮೂಲಕ ಜನರ ದೇಹ ಸೇರಿದ ಕಥೆ ಪ್ರಸಿದ್ಧ. ಇತಾಯ್ ಇತಾಯ್ ಎಂಬ ಆ ರೋಗಕ್ಕೆ ಕ್ಯಾಡ್ಮಿಯಂ ಕಾರಣವೆಂದು ಅಲ್ಲಿಯ ಸರ್ಕಾರ ಒಪ್ಪಿದ್ದು 1968ರಲ್ಲಿ. ನಮ್ಮ ಪೇಟೆಯಲ್ಲಿ ಕೆಡಿಎಂ ಆಭರಣ ಎಂದು ಮೆರೆದ ಚಿನ್ನದ ಬೆಸುಗೆಯಲ್ಲಿದ್ದದ್ದೂ ಇದೇ ಕ್ಯಾಡ್ಮಿಯಂ. ಬೆಸೆಯುವ ಅಕ್ಕಸಾಲಿಗರ ಎದೆಗೆ ಅಪಾಯವೆಂದು ತಿಳಿದು ಹಾಲ್‌ಮಾರ್ಕಿನವರು ಅದನ್ನು ದೂರವಿಟ್ಟರು. ಚಿನ್ನದಲ್ಲಿ ಕಲಿತ ಪಾಠ ಗುಜರಿಯ ಪಾಯಿಂಟಿಗೆ ಇನ್ನೂ ತಲುಪಬೇಕಾಗಿದೆ. ನೋಡಿ ಗುರುತಿಸುವುದೂ ಕಷ್ಟ: ಕ್ಯಾಡ್ಮಿಯಂ ಇರುವ ಬಿಲ್ಲೆಗೂ ತವರದ ಬಿಲ್ಲೆಗೂ ಬಣ್ಣದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ.

ಆದ್ದರಿಂದ ಈ ವೇದಿಕೆಯಿಂದ ಸೇರಿದವರಲ್ಲಿ ಬೇಡಿಕೆ ಹೀಗಿದೆ. ಗಿರಣಿ, ಡೇರಿ, ಸಕ್ಕರೆ ಕಾರ್ಖಾನೆಗಳ ಮೇಲ್ವಿಚಾರಕರು ತಮ್ಮ ಒಂದೊಂದು ಗಾಡಿಯ ಕಾಂಟ್ಯಾಕ್ಟರಿನ ಅಂಕೆ, ಪಾಯಿಂಟು ಬದಲಾದ ತಾರೀಖು, ಸುಟ್ಟ ಕಾರಣ ಇವನ್ನು ಒಂದು ವಹಿಯಲ್ಲಿ ಬರೆದಿಡಲಿ. ಐ.ಟಿ.ಐ.ಗಳಲ್ಲಿ ವೈರ್‌ಮನ್ ಕಲಿಯುವ ಹುಡುಗರ ಕೈಗೆ ಒಂದು ಸುಟ್ಟ ಕಾಂಟ್ಯಾಕ್ಟರು ಕೊಟ್ಟು ಬಿಚ್ಚಿಸಲಿ. ಹಳೆಯ ಪಾಯಿಂಟುಗಳನ್ನು ಬೇರೆ ಡಬ್ಬಿಯಲ್ಲಿ ಹಾಕಿ, ಮುಚ್ಚಳದ ಮೇಲೆ ‘ಕ್ಯಾಡ್ಮಿಯಂ ಇರಬಹುದು, ಕರಗಿಸಬಾರದು’ ಎಂದು ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ಬರೆದು, ಹೊಗೆ ಹಿಡಿಯುವ ವ್ಯವಸ್ಥೆಯುಳ್ಳ ನೋಂದಾಯಿತ ಮರುಬಳಕೆ ಘಟಕಕ್ಕೇ ಮಾರಲಿ. ಹುಪರಿಯ ಕರಗಿಸುವವರು, ಯಾರಾದರೂ ತಾಮ್ರಕ್ಕೆ ಬೆಸೆದ ಚಪ್ಪಟೆ ಬೆಳ್ಳಿಬಿಲ್ಲೆಗಳನ್ನು ತಂದರೆ, ಬೆಲೆ ಎಷ್ಟೇ ಕಡಿಮೆ ಹೇಳಿದರೂ ಒಲೆಗೆ ಹಾಕದೆ ವಾಪಸು ಕಳಿಸಲಿ.